ಬ್ಯಾಟರಿಗಳಿಗೆ ಬಿಟ್ಟುಕೊಟ್ಟ ಕ್ಯಾಬಿನ್

ನಮ್ಮ ಕಚೇರಿಯ ದೂರಿನ ಫೋನು ಎತ್ತುವವರಿಲ್ಲದೆ ಬಡಿದುಕೊಳ್ಳುತ್ತಿದೆ ಎಂದು ಮೊದಲು ನನಗೆ ಹೇಳಿದವರು ಸ್ಟೋರ್ ನೋಡಿಕೊಳ್ಳುವ ಹಿರಿಯರು. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ನೀರೆತ್ತುವ ಪಂಪು, ಹನಿ ನೀರಾವರಿ ಸಾಮಾನು ಮಾರುವ ಖಾಸಗಿ ಕಂಪನಿ ನಮ್ಮದು. ಜಿಲ್ಲೆಯ ವ್ಯವಹಾರ ನನ್ನ ಮೇಲ್ವಿಚಾರಣೆಯಲ್ಲಿದೆ. ಮಾರಾಟ ಹೇಗೇ ಇರಲಿ, ಬೇಸಿಗೆಯಲ್ಲಿ ನಮ್ಮ ಹೆಸರು ಉಳಿಯುವುದೂ ಕೆಡುವುದೂ ಆ ಒಂದು ಫೋನಿನಿಂದ. ಕಕ್ಕೇರಾದಲ್ಲಿ ಮೋಟಾರು ಸುಟ್ಟರೆ, ದೇವಾಪುರದಲ್ಲಿ ಗದ್ದೆಗೆ ನೀರು ಏರದಿದ್ದರೆ, ರೈತ ಮೊದಲು ಹಚ್ಚುವುದು ಆ ನಂಬರಿಗೆ. ಎರಡು ಸಲ ಹಚ್ಚಿ ಯಾರೂ ಎತ್ತದಿದ್ದರೆ ಮೂರನೆಯ ಸಲ ಅವನು ಬೇರೆ ಕಂಪನಿಯವರಿಗೆ ಹಚ್ಚುತ್ತಾನೆ.

ಆ ಮೇಜಿಗೆ ಕೂರುವವಳು ಹೆರಿಗೆ ರಜೆ ಮುಗಿಸಿ ಅದೇ ತಿಂಗಳು ಮರಳಿದ್ದಳು. ಶಹಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು. ಮನೆಯಲ್ಲಿ ದಖನಿ ಉರ್ದು, ಫೋನಿನಲ್ಲಿ ಕನ್ನಡ, ಗುರುಮಠಕಲ್ ಕಡೆಯಿಂದ ಕರೆ ಬಂದರೆ ತೆಲುಗು. ಸಿಟ್ಟಾದ ರೈತನನ್ನು ಸಮಾಧಾನ ಮಾಡುವುದಕ್ಕೆ ಅವಳಿಗೆ ಒಂದು ರೀತಿ ಇತ್ತು. ಮೊದಲು ಪಂಪಿನ ಮಾತೇ ಎತ್ತುತ್ತಿರಲಿಲ್ಲ. ಯಾವ ಊರು, ಎಷ್ಟು ಹೊತ್ತಿನಿಂದ ಬಿಸಿಲಲ್ಲಿ ನಿಂತಿದ್ದೀರಿ, ಮೊದಲು ನೆರಳಿಗೆ ಬನ್ನಿ ಎನ್ನುತ್ತಿದ್ದಳು. ಅವಳು ರಜೆಯಲ್ಲಿದ್ದಾಗ ಆ ಮೇಜನ್ನು ಸರದಿಯ ಮೇಲೆ ನೋಡಿಕೊಂಡ ನಮ್ಮ ಹುಡುಗರು ರೈತರ ಜೊತೆ ಜಗಳವಾಡಿಯೇ ದಿನ ಕಳೆದಿದ್ದರು. ಹೀಗಾಗಿ ಅವಳು ಮರಳಿದಾಗ ಎಲ್ಲರಿಗಿಂತ ಹೆಚ್ಚು ಹಗುರಾದವಳು ನಾನು.

ಆದರೆ ಮರಳಿದವಳು ದಿನಕ್ಕೆ ಎರಡು ಮೂರು ಸಲ ಮೇಜು ಬಿಟ್ಟು ಹೋಗುತ್ತಿದ್ದಳು. ಹೋದರೆ ಬೇಗ ಬರುತ್ತಿರಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು. ಸ್ಟೋರಿನ ಹಿರಿಯರು ಒಂದು ಸಲ ಹೇಳಿದರು, ಎರಡು ಸಲ ಹೇಳಿದರು, ಮೂರನೆಯ ಸಲ ಕ್ಯಾಬಿನ್ ಬಾಗಿಲಲ್ಲಿ ನಿಂತು ತಮ್ಮ ಕೈಗಡಿಯಾರ ತೋರಿಸಿ ಹೋದರು. ಸಮಯಪಾಲನೆಯ ವಿಷಯದಲ್ಲಿ ಅವರು ಗಟ್ಟಿ ಮನುಷ್ಯ. ಊಟಕ್ಕೆ ಎದ್ದರೆ ಇನ್ನೊಬ್ಬರಿಗೆ ಹೇಳಿ ಏಳುವವರು.

ನಾನು ಅವಳನ್ನು ಕರೆದು, ಮಧ್ಯಾಹ್ನ ಎಲ್ಲಿಗೆ ಹೋಗುತ್ತೀ ಎಂದು ಕೇಳಿದೆ. ಮನೆಯಿಂದ ಫೋನು ಬರುತ್ತಿರಬೇಕು, ಹೊರಗೆ ನಿಂತು ಮಾತಾಡುತ್ತಿರಬೇಕು ಎಂದೇ ನನ್ನ ಊಹೆ. ಅವಳು ತಲೆ ತಗ್ಗಿಸಿ, ಇನ್ನು ಮೇಲೆ ಹಾಗಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದಳು. ಎರಡು ದಿನ ಜಾಗ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಬರಲೇ ಇಲ್ಲ. ಜ್ವರ ಎಂದು ಸಂದೇಶ ಬಂತು. ಮರುದಿನ ಬಂದವಳು ನೇರ ನನ್ನ ಕ್ಯಾಬಿನ್ನಿಗೆ ಬಂದು, ಕೂಡು ಎಂದರೂ ಕೂಡದೆ ಹೇಳಿದಳು:

"ಮೇಡಂ, ನಾ ಈ ತಿಂಗಳ ಮುಗಿಸಿ ಕೆಲಸಾ ಬಿಡ್ತೀನ್ರಿ."

ಯಾಕೆ ಎಂದು ಕೇಳಿದ್ದಕ್ಕೆ ಮೊದಲು ಬಸ್ಸಿನ ತೊಂದರೆ ಎಂದಳು, ಆಮೇಲೆ ಬಿಸಿಲು ಎಂದಳು. ನಾನು ಎದ್ದು ಬಾಗಿಲು ಹಾಕಿ, ಅವಳನ್ನು ಕೂರಿಸಿ, ಪಕ್ಕದ ಕುರ್ಚಿಯಲ್ಲೇ ಕುಳಿತೆ. ಆಗ ಅವಳಿಗೆ ಮಾತು ಬಂತು. ಕೂಸಿಗೆ ಇನ್ನೂ ಎದೆಹಾಲೇ ಆಧಾರ. ಬೆಳಿಗ್ಗೆ ಕುಡಿಸಿ ಬಂದರೆ ಮತ್ತೆ ಕೂಸಿನ ಮುಖ ನೋಡುವುದು ಸಂಜೆ. ನಡುವೆ ಹಾಲು ತುಂಬಿ ಎದೆ ಕಲ್ಲಾಗುತ್ತದೆ. ತೆಗೆಯದಿದ್ದರೆ ಗಂಟು ಕಟ್ಟಿ ಜ್ವರ ಬರುತ್ತದೆ. ಈ ಸಲ ಬಂದದ್ದೂ ಅದೇ ಜ್ವರ, ನನ್ನ ಮಾತಿಗೆ ಹೆದರಿ ಎರಡು ದಿನ ಏಳದೆ ಕುಳಿತದ್ದಕ್ಕೆ. ಆಸ್ಪತ್ರೆಯಲ್ಲಿ ಅವಳಿಗೆ ಕೈಯಿಂದ ಒತ್ತುವ ಸಣ್ಣ ಪಂಪೊಂದನ್ನು ತೋರಿಸಿ, ಮೂರು ತಾಸಿಗೊಮ್ಮೆ ಹಾಲು ತೆಗೆದು ಇಡಬೇಕು, ತಂಪಾಗಿಟ್ಟರೆ ಮರುದಿನ ಕೂಸಿಗೆ ಕುಡಿಸಬಹುದು ಎಂದು ಹೇಳಿ ಕಳಿಸಿದ್ದರು. ಅದನ್ನು ತೆಗೆಯಲು ನಮ್ಮ ಕಚೇರಿಯಲ್ಲಿ ಅವಳಿಗೆ ಬಾಗಿಲು ಹಾಕಿಕೊಳ್ಳಲು ಸಿಗುವ ಜಾಗ ಒಂದೇ ಒಂದು ಇತ್ತು. ಅಲ್ಲಿ ಗೋಡೆಗೆ ಒರಗಿ ನಿಂತು ತೆಗೆದು, ಅಲ್ಲೇ ಚೆಲ್ಲಿ ಬರುತ್ತಿದ್ದಳು.

"ಪಾಯಖಾನಿಯಾಗ ತಗದಿದ್ದ ಹಾಲು ಕೂಸಿಗಿ ಹೆಂಗ ಕುಡಸ್ಲಿರಿ? ದಿನಾ ಚೆಲ್ಲಾಕತ್ತೀನಿ. ಅತ್ತಿ ಮನ್ಯಾಗ ಡಬ್ಬಿ ಹಾಲು ಕಲಸಾಕತ್ತಾರ. ಕೂಸಿಗಿ ಹಾಲು ಬಿಡಸಬೇಕು, ಇಲ್ಲಾ ಕೆಲಸಾ ಬಿಡಬೇಕು. ಎರಡೂ ಕೂಡಿ ಆಗವಲ್ದು."

ಇದರಲ್ಲಿ ಅಳು ಇರಲಿಲ್ಲ. ಅವಳು ಫೋನಿನಲ್ಲಿ ರೈತನ ದೂರನ್ನು ಸಂಕ್ಷಿಪ್ತವಾಗಿ ನನಗೆ ಒಪ್ಪಿಸುವ ಧಾಟಿಯಲ್ಲೇ ತನ್ನದನ್ನೂ ಒಪ್ಪಿಸಿದಳು. ನಾನು ಸ್ವಲ್ಪ ಕಾಲಾವಕಾಶ ಕೇಳಿದೆ. ಏನು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಸುಲಭವಾಗಿ ಹೊಳೆದದ್ದು ನನ್ನ ಕ್ಯಾಬಿನ್. ಅದು ಸೊಂಟದವರೆಗೆ ಪ್ಲೈವುಡ್, ಅದರ ಮೇಲೆ ಗಾಜು, ಗಾಜಿನ ಮೇಲೆ ಏನೂ ಇಲ್ಲ. ಗೋಡೆ ಛಾವಣಿಯವರೆಗೆ ಮುಟ್ಟುವುದಿಲ್ಲ. ಗಾಜಿಗೆ ಒಳಗಿನಿಂದ ನಮ್ಮದೇ ಕಂಪನಿಯ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿದೆ. ದಿನಕ್ಕೆ ಮೂರು ಸಲ ನಾನು ಹೊರಗೆ ಬಂದು ಯಾರದೋ ಮೇಜಿನ ಮೂಲೆಯಲ್ಲಿ ಕೂರುವುದು, ಅವಳು ಒಳಗೆ ಹೋಗುವುದು ಎಂದು ಏರ್ಪಾಡಾಯಿತು. ಮೊದಲ ದಿನವೇ ಅದು ಆಗದ ಮಾತು ಎಂದು ತಿಳಿಯಿತು. ಕೊಡೇಕಲ್ ಕಡೆಯ ರೈತರೊಬ್ಬರು ಪಂಪಿನ ಫುಟ್‌ವಾಲ್ವ್ ಬದಲಿಸಿ ಕೊಡಿ ಎಂದು ಸ್ಟೋರಿನ ಹಿರಿಯರ ಜೊತೆ ದನಿ ಏರಿಸಿ ಮಾತಾಡುತ್ತಿದ್ದರು. ಆ ಮಾತೆಲ್ಲ ಗಾಜಿನ ಮೇಲಿನಿಂದ ನೇರ ಒಳಗೆ ಇಳಿಯುತ್ತಿತ್ತು. ಸಾಲದ್ದಕ್ಕೆ ಊರೂರು ತಿರುಗಿ ರಿಪೇರಿ ಮಾಡುವ ನಮ್ಮ ಹುಡುಗನೊಬ್ಬ ರೂಢಿಯಂತೆ ಬಂದು ಕ್ಯಾಬಿನ್ ಬಾಗಿಲು ತಳ್ಳಿದ, ಚಿಲಕ ಹಾಕಿದೆ ಎಂದು ನಂಬದೆ ಮತ್ತೆ ತಳ್ಳಿದ. ನಾನು ಇಲ್ಲಿದ್ದೇನಪ್ಪ ಎಂದು ಹೊರಗಿನ ಹಜಾರದ ಮೂಲೆಯಿಂದ ಕೂಗಬೇಕಾಯಿತು. ಅಷ್ಟು ಹೊತ್ತಾದ ಮೇಲೆ ಹೊರಗೆ ಬಂದವಳ ಬಾಟಲಿಯಲ್ಲಿ ಏನೂ ಇರಲಿಲ್ಲ. ಗಂಡಸರ ಮಾತು ಕಿವಿಗೆ ಬೀಳುತ್ತಿದ್ದರೆ ಮೈ ಬಿಗಿದುಬಿಡುತ್ತದೆ, ಹಾಲು ಇಳಿಯುವುದೇ ಇಲ್ಲ ಎಂದಳು.

ನಮ್ಮ ಕಚೇರಿಯ ಮೇಲಿನ ಮಹಡಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇತ್ತು. ಅಲ್ಲಿಯ ಒಡತಿಯನ್ನು ಕೇಳಿದೆ. ಅಳತೆ ನೋಡಲು ಪರದೆ ಕಟ್ಟಿದ್ದ ಮೂಲೆಯನ್ನು ಆಕೆ ಸಂತೋಷದಿಂದ ಬಿಟ್ಟುಕೊಟ್ಟಳು. ಕೆಲವು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಅವಳು ಬೇಗ ಹೋಗಿ ಬರುತ್ತಿದ್ದಳು, ಫೋನಿಗೆ ಮತ್ತೆ ಹೊತ್ತಿಗೆ ಸರಿಯಾಗಿ ಉತ್ತರ ಸಿಗತೊಡಗಿತು, ನಾನು ಸಮಸ್ಯೆ ಬಗೆಹರಿಯಿತೆಂದೇ ತಿಳಿದೆ. ಅಷ್ಟರಲ್ಲಿ ಮದುವೆಗಳು ಶುರುವಾದವು. ಪರದೆಯ ಹೊರಗೆ ರವಿಕೆ ತೊಟ್ಟು ನೋಡಲು ಹೆಂಗಸರು ಸಾಲು ನಿಂತರು, ಒಳಗಿದ್ದವಳು ಬೇಗ ಬರಲಿ ಎಂದು ಪರದೆ ಎಳೆದರು. ಹೊಲಿಗೆಯವಳ ಗಿರಾಕಿ ಕೆಡಿಸಿ ನಾವು ಉಪಕಾರ ಪಡೆಯುವುದು ಸರಿಯಲ್ಲ ಎಂದು ನಮ್ಮವಳೇ ಹೋಗುವುದನ್ನು ನಿಲ್ಲಿಸಿದಳು, ಮತ್ತೆ ಹಳೆಯ ಜಾಗದಲ್ಲೇ ತೆಗೆದು ಚೆಲ್ಲಿ ಬರತೊಡಗಿದಳು.

ಉಳಿದದ್ದು ಬ್ಯಾಟರಿ ಖೋಲಿ. ಹಜಾರದ ಹಿಂದೆ, ಸ್ಟೋರ್ ದಾಟಿದ ಮೇಲೆ ಒಂದು ಸಣ್ಣ ಕೋಣೆ. ಇಟ್ಟಿಗೆ ಗೋಡೆ, ಗಟ್ಟಿ ಮರದ ಬಾಗಿಲು, ಮೇಲೆ ಒಂದು ಜಾಲರಿಯ ಗವಾಕ್ಷಿ. ಕರೆಂಟು ಹೋದಾಗ ಕಂಪ್ಯೂಟರುಗಳನ್ನು ನಡೆಸುವ ಬ್ಯಾಟರಿಗಳು ಅಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಸಾಲಾಗಿ ಕೂತಿದ್ದವು, ಗೋಡೆಗೆ ಇನ್ವರ್ಟರು. ಇಡೀ ಕಚೇರಿಯಲ್ಲಿ ಮಾತು ಕೇಳಿಸದ ಜಾಗ ಅದೊಂದೇ. ಬ್ಯಾಟರಿಗಳ ಪಕ್ಕ ಒಂದು ಕುರ್ಚಿ ಹಿಡಿಸುತ್ತದೆಯೇ ನೋಡೋಣ ಎಂದು ನಮ್ಮ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವರು ಬಂದು ಬಾಗಿಲು ತೆರೆದು ಮೂಗಿಗೆ ಕೈ ಅಡ್ಡ ಹಿಡಿದರು.

"ಇವು ಚಾರ್ಜ್ ಆಗೂ ಮುಂದ ಗ್ಯಾಸ್ ಬಿಡ್ತಾವ್ರಿ ಮೇಡಂ. ಇಲ್ಲಿ ಬಾಗಲಾ ಹಾಕ್ಕೊಂಡು ಮನುಷ್ಯಾರು ಕೂಡಬಾರದು. ಖರೇ ಹೇಳ್ಬೇಕಂದ್ರ ಕಿಟಕಿ ಇಲ್ಲದ ಖೋಲಿಯಾಗ ಇವನ್ನ ಇಡಲೂಬಾರದು."

ಹಾಗಾದರೆ ಇವುಗಳನ್ನೇ ಬೇರೆಡೆಗೆ ಸಾಗಿಸೋಣ ಎಂದೆ. ನಾವಿಬ್ಬರೂ ಕಟ್ಟಡವೆಲ್ಲ ತಿರುಗಿದೆವು. ಸ್ಟೋರಿನಲ್ಲಿ ಪೈಪಿನ ಸುರುಳಿಗಳು ಛಾವಣಿ ಮುಟ್ಟಿದ್ದವು. ತಾರಸಿಯ ಮೇಲಿಟ್ಟರೆ ನಮ್ಮೂರ ಬಿಸಿಲಿಗೆ ಬ್ಯಾಟರಿಗಳು ಒಂದೇ ಬೇಸಿಗೆಯಲ್ಲಿ ಮುಗಿದುಹೋಗುತ್ತವೆ ಎಂದು ಎಲೆಕ್ಟ್ರಿಷಿಯನ್ ತಲೆಯಾಡಿಸಿದರು. ಮೆಟ್ಟಿಲಿನ ತಿರುವಿನಲ್ಲಿ ಅಗಲವಾದ ಜಾಗವಿತ್ತು, ಗಾಳಿಯೂ ಇತ್ತು. ಕಟ್ಟಡದ ಮಾಲೀಕರು ಕೆಳಗಿನ ಬಟ್ಟೆ ಅಂಗಡಿಯಲ್ಲೇ ಕೂರುತ್ತಾರೆ. ನಾನು ಇಳಿದು ಹೋಗಿ ಕೇಳಿದೆ. ಅವರು ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡು, ಬಹಳ ಸೌಜನ್ಯದಿಂದ ಆಗುವುದಿಲ್ಲ ಎಂದರು. ತಿರುವಿನ ಕೆಳಗೆ ಅವರ ಗೋದಾಮು. ಬ್ಯಾಟರಿಯ ಆ್ಯಸಿಡ್ ಒಂದು ಹನಿ ಸೋರಿದರೂ ಸೀರೆಯ ಗಂಟುಗಳು ಹಾಳು. ಅವರ ಜಾಗದಲ್ಲಿ ನಾನಿದ್ದರೂ ಬೇಡವೆನ್ನುತ್ತಿದ್ದೆ.

ಕಲಬುರಗಿಯ ವಲಯ ಕಚೇರಿಗೂ ಬರೆದೆ. ಹೊಸ ಅಡ್ಡಗೋಡೆ ಹಾಕಿ ಮಹಿಳಾ ಸಿಬ್ಬಂದಿಗೆ ಒಂದು ಚಿಕ್ಕ ಕೊಠಡಿ ಮಾಡಿಕೊಡಿ ಎಂದು ಕೇಳಿದ್ದೆ. ನಿಮ್ಮ ಕಚೇರಿಯಲ್ಲಿ ಮಹಿಳೆಯರ ಸಂಖ್ಯೆ ಕಡಿಮೆ, ಪ್ರತ್ಯೇಕ ಕೊಠಡಿಗೆ ಅವಕಾಶವಿಲ್ಲ, ಮುಂದಿನ ವರ್ಷದ ಪ್ರಸ್ತಾವನೆಯಲ್ಲಿ ಸೇರಿಸಿ ಎಂದು ಉತ್ತರ ಬಂತು. ಮುಂದಿನ ವರ್ಷ ಆ ಕೂಸು ರೊಟ್ಟಿ ತಿನ್ನುತ್ತಿರುತ್ತದೆ.

ಉತ್ತರ ಓದಿದ ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಸುಮ್ಮನೆ ಕೂತಿದ್ದೆ. ಕರೆಂಟು ಹೋಗಿ ಇನ್ವರ್ಟರು ಗುಂಯ್‌ಗುಡುತ್ತಿತ್ತು. ಗಾಜಿಗೆ ಅಂಟಿಸಿದ ಕ್ಯಾಲೆಂಡರ್ ಹಾಳೆಗಳನ್ನು ಇನ್ನೂ ಕಿತ್ತಿರಲಿಲ್ಲ. ಆ ಹೆಣ್ಣುಮಗಳಿಗೆ ಈ ಜಾಗ ಯಾಕೆ ಒಗ್ಗಲಿಲ್ಲ ಎಂದು ಮತ್ತೆ ಎಣಿಸುತ್ತ ಹೋದೆ. ಗೋಡೆ ಮೇಲಿನವರೆಗೆ ಇಲ್ಲ, ಬೆನ್ನ ಹಿಂದೆ ದೊಡ್ಡ ಕಿಟಕಿ ಇದೆ, ಗಾಳಿ ಆಡುತ್ತದೆ, ಹೊರಗಿನದೆಲ್ಲ ಒಳಗೆ, ಒಳಗಿನದೆಲ್ಲ ಹೊರಗೆ. ಹಾಗೆ ಎಣಿಸುತ್ತಿರುವಾಗಲೇ ಹೊಳೆಯಿತು, ಅವಳಿಗೆ ಆಗದ ಈ ಗುಣಗಳೆಲ್ಲ ಬ್ಯಾಟರಿಗಳಿಗೆ ಬೇಕಾದ ಗುಣಗಳು. ಬ್ಯಾಟರಿಗಳು ಇಲ್ಲಿಗೆ ಬಂದರೆ ಆ ಗಟ್ಟಿ ಬಾಗಿಲಿನ ಖೋಲಿ ಖಾಲಿಯಾಗುತ್ತದೆ. ಇನ್ನುಳಿದವಳು ನಾನು. ನಾನು ಹಜಾರದಲ್ಲಿ ಕೂರಬೇಕು.

ಹೊಳೆದ ಕೂಡಲೇ ಎದ್ದು ಮಾಡಿಬಿಟ್ಟೆ ಎಂದು ಬರೆದರೆ ಅದು ನಿಜವಲ್ಲ. ಆ ಕ್ಯಾಬಿನ್ ನನಗೆ ಇಷ್ಟವಾಗಿತ್ತು. ಸುರಪುರದ ಕಡೆ ಕುರಿ ಸಾಕುವ ಮನೆತನ ನಮ್ಮದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅಪ್ಪ ನೋಡಲು ಬಂದವರು ನನ್ನೆದುರಿನ ಕುರ್ಚಿಯಲ್ಲಿ ತುದಿಗೆ ಕೂತು, ಒರಗಿ ಕೂಡಪ್ಪ ಎಂದರೂ ಒರಗಿರಲಿಲ್ಲ. ಹೋಗುವಾಗ ಬಾಗಿಲ ಮೇಲಿನ ನನ್ನ ಹೆಸರಿನ ಫಲಕವನ್ನು ಹೆಗಲ ಟವೆಲ್ಲಿನಿಂದ ಒರೆಸಿ ಹೋಗಿದ್ದರು. ಅದನ್ನೆಲ್ಲ ಬಿಟ್ಟುಕೊಟ್ಟು ನಾಲ್ಕು ಮೇಜುಗಳ ನಡುವೆ ಐದನೆಯದಾಗಿ ಕೂರುವುದು ಎಂದರೆ ಏನೋ ಕಳೆದುಕೊಂಡ ಹಾಗೆ. ಮನೆಗೆ ಹೋಗಿ ಅಡುಗೆ ಮಾಡುತ್ತಲೇ ಯೋಚಿಸಿದೆ. ಬೆಳಿಗ್ಗೆ ಎದ್ದಾಗ ಆ ಕಳವಳ ಇತ್ತು, ಆದರೆ ಅದಕ್ಕೆ ಹಿಂದಿನ ದಿನದ ತೂಕ ಇರಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿ ಭಾನುವಾರ ಬರಲು ಹೇಳಿದೆ.

ಸ್ಟೋರಿನ ಹಿರಿಯರಿಗೆ ವಿಷಯ ತಿಳಿಸಿದಾಗ ಅವರು ಕೈಯಲ್ಲಿದ್ದ ಪೈಪಿನ ತುಂಡು ಕೆಳಗಿಟ್ಟರು. ಆ ಹೆಣ್ಣುಮಗಳ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ. ಅವರಿಗೆ ಒಗ್ಗದೇ ಹೋದದ್ದು ನನ್ನ ಮೇಜಿನ ವಿಷಯ.

"ಮ್ಯಾನೇಜರ್ ಹೊರಗ, ಬ್ಯಾಟರಿ ಒಳಗ. ನಾಳಿ ಮಂದಿ ಏನಂತಾರ್ರಿ? ಕ್ಯಾಬಿನ್ ಇಲ್ಲದಿದ್ರ ಯಾರ್ ಕಿಮ್ಮತ್ ಕೊಡ್ತಾರ ನಿಮಗ?"

ಕಿಮ್ಮತ್ತು ಉಳಿದರೆ ಉಳಿಯಲಿ, ಹೋದರೆ ನೋಡಿಕೊಳ್ಳೋಣ ಎಂದೆ. ಅವರು ಒಪ್ಪಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾನು ಬರುವ ಮೊದಲೇ ಬಂದು ಶಟರ್ ಎತ್ತಿ ನಿಂತಿದ್ದರು.

ಕೆಲಸ ನಾನು ತಿಳಿದದ್ದಕ್ಕಿಂತ ದೊಡ್ಡದು. ಬ್ಯಾಟರಿಗೂ ಇನ್ವರ್ಟರಿಗೂ ನಡುವಿನ ದಪ್ಪ ತಂತಿ ಉದ್ದವಾದಷ್ಟೂ ಶಕ್ತಿ ಸೋರುತ್ತದಂತೆ; ಆದ್ದರಿಂದ ಬ್ಯಾಟರಿಯ ಜೊತೆಗೆ ಇನ್ವರ್ಟರೂ ಕ್ಯಾಬಿನ್ನಿಗೆ ಬರಬೇಕು, ಅಲ್ಲಿಂದ ಹಜಾರದ ಫ್ಯೂಸ್ ಪೆಟ್ಟಿಗೆಗೆ ಹೊಸದಾಗಿ ತಂತಿ ಎಳೆಯಬೇಕು. ಮೊದಲು ಎಲ್ಲ ಯಂತ್ರ ಬಂದ್ ಮಾಡಿ, ಬ್ಯಾಟರಿಗಳ ತಂತಿ ಕಳಚುವ ಮುಂಚೆ ಯಾವುದು ಯಾವುದಕ್ಕೆ ಸೇರಿತ್ತೆಂದು ಎಲೆಕ್ಟ್ರಿಷಿಯನ್ ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಒಂದೊಂದು ಬ್ಯಾಟರಿ ಎತ್ತಲು ಇಬ್ಬರು ಬೇಕು, ಅದೂ ವಾಲಿಸದೆ. ಕ್ಯಾಬಿನ್ನಿನ ಕಿಟಕಿಯ ಕೆಳಗೆ ರಬ್ಬರ್ ಹಾಸು, ಅದರ ಮೇಲೆ ಆ್ಯಸಿಡ್ ಹನಿ ಹಿಡಿಯುವ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಚೌಕಟ್ಟು. ಕಿಟಕಿಯ ಒಂದು ಗಾಜು ತೆಗೆದು ಗಾಳಿ ಹೊರಹಾಕುವ ಫ್ಯಾನು ಕೂರಿಸಿದರು. ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಬಳಿ. ಗಾಜಿನ ಕ್ಯಾಲೆಂಡರ್ ಹಾಳೆಗಳನ್ನು ಕಿತ್ತು, ನನ್ನ ಹೆಸರಿನ ಫಲಕವನ್ನೂ ನಾನೇ ಸ್ಕ್ರೂ ಬಿಚ್ಚಿ ತೆಗೆದೆ.

ಖಾಲಿಯಾದ ಖೋಲಿಯ ನೆಲದಲ್ಲಿ ಆ್ಯಸಿಡ್ ತಿಂದ ಕಲೆಗಳಿದ್ದವು. ಅಡುಗೆ ಸೋಡಾ ಕಲಸಿದ ನೀರು ಸುರಿದಾಗ ಕಲೆಯಿದ್ದಲ್ಲೆಲ್ಲ ಸುರ್ ಎಂದು ನೊರೆ ಎದ್ದಿತು. ನೊರೆ ಏಳುವುದು ನಿಲ್ಲುವ ತನಕ ಸುರಿದು, ತಿಕ್ಕಿ, ತೊಳೆದೆವು. ಗೋಡೆಗೆ ಸುಣ್ಣ ಹೊಡೆಸಿದೆವು. ಸಂಜೆ ಎಲ್ಲ ಮುಗಿದು ಕರೆಂಟು ಬಂದ್ ಮಾಡಿ ನೋಡಿದರೆ ಕಂಪ್ಯೂಟರುಗಳು ಮಿಸುಕದೆ ನಡೆದವು. ಖುಷಿಯಿಂದ ಮನೆಗೆ ಹೋದೆ.

ಸೋಮವಾರ ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಅದರ ಹಿಂದೆಯೇ ಇನ್ವರ್ಟರು ಕೀಂ ಎಂದು ಕೂಗಿ ನಿಂತಿತು. ಕಂಪ್ಯೂಟರು, ಫ್ಯಾನು, ಬಿಲ್ಲಿನ ಯಂತ್ರ ಎಲ್ಲವೂ ಸತ್ತವು. ಹಜಾರದಲ್ಲಿ ರೈತರು ತುಂಬಿದ್ದರು, ಸೆಕೆಗೆ ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಮರೆಯಾಗಲು ನನಗೀಗ ಕ್ಯಾಬಿನ್ ಇರಲಿಲ್ಲ. ನಡುಮಧ್ಯದ ಮೇಜಿನಲ್ಲಿ ಎಲ್ಲರ ಎದುರೇ ಎಲೆಕ್ಟ್ರಿಷಿಯನ್‌ಗೆ ಫೋನಿನ ಮೇಲೆ ಫೋನು ಮಾಡುತ್ತ ಕೂತಿದ್ದೆ. ಸ್ಟೋರಿನ ಹಿರಿಯರು ನನ್ನತ್ತ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು ಅನಿಸಿತು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ, ಒಂದು ತಂತಿಯ ತುದಿಯ ಹಿತ್ತಾಳೆ ಬಿಲ್ಲೆ ಬಿಗಿಯಾಗಿರಲಿಲ್ಲ. ಎಲ್ಲ ಯಂತ್ರಗಳ ಭಾರ ಒಮ್ಮೆಲೇ ಬಿದ್ದಾಗ ಕಾದು ಕೈಕೊಟ್ಟಿತ್ತು. ಭಾನುವಾರ ನೋಡಿದಾಗ ಎರಡೇ ಕಂಪ್ಯೂಟರು ಹಚ್ಚಿದ್ದೆವು, ಹಾಗಾಗಿ ಗೊತ್ತಾಗಿರಲಿಲ್ಲ. ಬಿಲ್ಲೆ ಬದಲಿಸಿ ಬಿಗಿದರು. ಆಮೇಲೆ ಅದು ನಮಗೆ ತೊಂದರೆ ಕೊಟ್ಟಿಲ್ಲ.

ಈ ಗದ್ದಲದಲ್ಲಿ ಅವಳು ಎದ್ದು ಹೋದದ್ದು ನನಗೆ ಕಾಣಲಿಲ್ಲ. ಕರೆಂಟು ಬಂದ ಮೇಲೆ ತಿರುಗಿ ನೋಡಿದರೆ ಅವಳ ಕುರ್ಚಿ ಖಾಲಿ, ಅವಳ ಫೋನನ್ನು ಇನ್ನೊಬ್ಬರು ಎತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಖೋಲಿಯ ಬಾಗಿಲು ತೆರೆದು ಬಂದಳು. ಸೆಕೆಗೆ ಮುಖ ಕೆಂಪಾಗಿತ್ತು. ಬಟ್ಟೆಯ ಚೀಲವೊಂದನ್ನು ತಣ್ಣೀರಿಡುವ ನಮ್ಮ ಸಣ್ಣ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು, ನನ್ನ ಮೇಜಿನ ಪಕ್ಕ ಹಾದು ಹೋಗುವಾಗ ಎರಡು ಬೆರಳಿನ ಅಗಲ ತೋರಿಸಿದಳು. ಬಾಟಲಿಯಲ್ಲಿ ಅಷ್ಟು ಬಂದಿತ್ತು.

ಸಂಜೆ ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಮರುದಿನ ಅವಳು ಇಲ್ಲಿ ಫೋನು ಎತ್ತುತ್ತಿರುವಾಗ ಶಹಾಪುರದಲ್ಲಿ ಅತ್ತೆ ಆ ಹಾಲನ್ನು ಕೂಸಿಗೆ ಕುಡಿಸಿದರು. ಮಧ್ಯಾಹ್ನ ಅವಳ ಮೊಬೈಲಿಗೆ ಬಂದ ಸುದ್ದಿಯನ್ನು ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು:

"ಪೂರಾ ಕುಡೀತಂತ್ರಿ ಅಕ್ಕಾರ. ಒಂದ್ ಹನಿ ಬಿಟ್ಟಿಲ್ಲಂತ."

ಅಲ್ಲಿಯವರೆಗೆ ನಾನು ಅವಳಿಗೆ ಮೇಡಂ ಆಗಿದ್ದೆ. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ.

ಹಜಾರದ ಬದುಕಿಗೆ ಹೊಂದಿಕೊಳ್ಳಲು ನನಗೆ ಸಮಯ ಹಿಡಿಯಿತು. ಯಾರನ್ನಾದರೂ ಗದರಿಸಬೇಕಾದರೆ ಜಾಗವಿಲ್ಲ. ಎಲ್ಲರೆದುರು ಗದರಿಸುವುದು ನನಗೆ ಹಿಡಿಸದು, ಆದ್ದರಿಂದ ಮೆಟ್ಟಿಲಿನ ತಿರುವಿಗೆ ಕರೆದೊಯ್ಯುವುದು ರೂಢಿಯಾಯಿತು. ನಾನು ಎದ್ದು ಮೆಟ್ಟಿಲಿನ ಕಡೆ ನಡೆದರೆ ಸಾಕು, ಇವತ್ತು ಯಾರ ಸರದಿಯೋ ಎಂದು ಹುಡುಗರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಲ್ಲಿ ನಿಂತು ಮಾತಾಡುವಾಗ ಕೆಳಗಿನಿಂದ ಮೇಲಿನಿಂದ ಜನ ಓಡಾಡುತ್ತಾರೆ. ಅದಕ್ಕೇ ಮಾತು ಚಿಕ್ಕದಾಗುತ್ತದೆ, ಸಿಟ್ಟೂ. ಇನ್ನೊಂದು ಕಡೆ, ಕ್ಯಾಬಿನ್ನಿನಲ್ಲಿದ್ದಾಗ ನನ್ನ ಬಳಿ ಬರುತ್ತಿದ್ದದ್ದು ಬಿಗಡಾಯಿಸಿದ ದೂರುಗಳು ಮಾತ್ರ. ಈಗ ಅವು ಹುಟ್ಟುವಾಗಲೇ ಕಿವಿಗೆ ಬೀಳುತ್ತಿದ್ದವು. ಮೋಟಾರು ಯಾವಾಗ ಸಿಗುತ್ತದೆಂದು ಹೇಳದೆ ರೈತರನ್ನು ಸುಮ್ಮನೆ ಕೂಡಿಸುವುದು ನಮ್ಮಲ್ಲಿ ಎಷ್ಟಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ನಿಲ್ಲಿಸಿದೆವು. ಸ್ಟೋರಿನ ಹಿರಿಯರು ನನ್ನ ಜಾಗದ ಬಗ್ಗೆ ಅಭಿಪ್ರಾಯ ಬದಲಿಸಲಿಲ್ಲ. ಆದರೆ ಖೋಲಿಯ ಬಾಗಿಲು ಹಾಕಿದ್ದಾಗ ಆ ಕಡೆ ಹೋಗುವ ಹುಡುಗರನ್ನು ತಡೆದು, ಏನು ಬೇಕೋ ತಾವೇ ತಂದುಕೊಡುತ್ತಿದ್ದರು.

ಮಳೆ ಶುರುವಾಗುವ ಹೊತ್ತಿಗೆ ವಲಯ ವ್ಯವಸ್ಥಾಪಕರು ತಪಾಸಣೆಗೆ ಬಂದರು. ಅನುಮತಿ ಇಲ್ಲದೆ ಕಚೇರಿಯ ವಿನ್ಯಾಸ ಬದಲಿಸಿದ್ದೆ. ಅದು ಗೊತ್ತಿದ್ದೇ ಮಾಡಿದ್ದೆ, ಆದರೂ ಅವರು ಮೆಟ್ಟಿಲು ಹತ್ತುವ ಸದ್ದಿಗೆ ಎದ್ದು ನಿಂತೆ. ಅವರು ಬಂದವರೇ ರೂಢಿಯಂತೆ ಕ್ಯಾಬಿನ್ನಿನ ಕಡೆ ನಡೆದು, ಬೀಗ ನೋಡಿ, ಗಾಜಿನೊಳಗೆ ಇಣುಕಿ, ನನ್ನ ಕಡೆ ತಿರುಗಿದರು. ನಿಮ್ಮ ಕುರ್ಚಿಯಲ್ಲಿ ಬ್ಯಾಟರಿ ಕೂತಿದೆಯಲ್ಲ ಎಂದರು. ನಾನು ಕುರ್ಚಿ ಎಳೆದು ಕೂರಿಸಿ, ಎತ್ತದೆ ಬಿಟ್ಟ ಫೋನಿನಿಂದ ಹಿಡಿದು ಬಿಗಿಯದ ಬಿಲ್ಲೆಯವರೆಗೆ ಎಲ್ಲವನ್ನೂ ಹೇಳಿದೆ. ಹಾಲು ಎಂಬ ಮಾತು ಬಂದಲ್ಲಿ ಹಾಲು ಎಂದೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು.

ಅವರು ಕೆಟ್ಟವರಲ್ಲ. ವರದಿಯಲ್ಲಿ ಏನು ಬರೆಯಬೇಕೆಂಬುದೇ ಅವರ ಚಿಂತೆ. ಹಳೆಯ ಖೋಲಿ ನೋಡಿ ಬಂದರು, ಎಲೆಕ್ಟ್ರಿಷಿಯನ್ ಹೇಳಿದ ಗಾಳಿಯ ಮಾತು ಕೇಳಿದರು, ಅವರ ಮುಖ ಹಗುರಾಯಿತು. ಬ್ಯಾಟರಿಗಳನ್ನು ಗಾಳಿಯಾಡುವ ಜಾಗದಲ್ಲಿಡಬೇಕೆಂಬುದು ಕಂಪನಿಯ ಸುರಕ್ಷತಾ ಸೂಚನೆಯಲ್ಲೇ ಇದೆಯಂತೆ. ಹಾಗೆಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ ಎಂದು ಲ್ಯಾಪ್‌ಟಾಪ್ ತೆರೆದು ಬರೆಯತೊಡಗಿದರು.

ನನಗೆ ನೆಮ್ಮದಿಯಾಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಬ್ಯಾಟರಿಗೆ ಗಾಳಿ ಬೇಕು ಎಂದರೆ ಕಂಪನಿಗೆ ಅರ್ಥವಾಗುತ್ತದೆ, ಅದಕ್ಕೆ ನಿಯಮವಿದೆ. ಹೆಣ್ಣುಮಗಳಿಗೆ ಬಾಗಿಲು ಬೇಕು ಎಂದದ್ದಕ್ಕೆ ಮುಂದಿನ ವರ್ಷ ನೋಡೋಣ ಎಂದಿತ್ತು. ಹೀಗೆ ಬರೆದು ಮುಗಿಸಿದರೆ, ನಾನು ವರ್ಗವಾಗಿ ಹೋದ ಮೇಲೆ ಬರುವವರು ಆ ಖೋಲಿಗೆ ಪೈಪು ತುಂಬುತ್ತಾರೆ, ಅವರ ತಪ್ಪೂ ಅಲ್ಲ.

"ಸರ್," ಎಂದೆ, "ಬ್ಯಾಟರಿದು ಬರದ್ರಿ, ಛಲೋ ಆತು. ಆ ಖೋಲಿ ಯಾತಕ್ಕದ ಅನ್ನೂದೂ ಒಂದ್ ಸಾಲು ಬರೀರಿ."

ಅವರ ಬೆರಳು ಕೀಲಿಗಳ ಮೇಲೆ ನಿಂತಿತು. ಏನೆಂದು ಬರೆಯಲಿ ಎಂದು ಕೇಳಿದರು. ನಾನು ಹೇಳಿದೆ. ಅವರು ಬರೆದು, ಪರದೆಯನ್ನು ನನ್ನ ಕಡೆ ತಿರುಗಿಸಿ ಓದಿಸಿದರು. ಹಾಲುಣಿಸುವ ತಾಯಂದಿರಿಗಾಗಿ ಮೀಸಲು ಕೊಠಡಿ ಎಂದಿತ್ತು. ಮೇಲಿನವರು ಏನಾದರೂ ಕೇಳಿದರೆ ಉತ್ತರ ನೀವೇ ಕೊಡಬೇಕು ಎಂದರು. ಕೊಡುತ್ತೇನೆ ಎಂದೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಆ ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ತಾಯಿಗೆ ಖೋಲಿಯ ಅಗತ್ಯ ಕಡಿಮೆಯಾಗುತ್ತ ಬಂದಿತ್ತು. ಖೋಲಿ ಖಾಲಿ ಉಳಿಯಿತಲ್ಲ, ಇನ್ನು ಸ್ಟೋರಿನವರು ಆಸೆಗಣ್ಣಿನಿಂದ ನೋಡುತ್ತಾರೆ ಎಂದುಕೊಳ್ಳುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಮಹಿಳಾ ಪೊಲೀಸ್ ಒಬ್ಬಳು ಮೆಟ್ಟಿಲು ಹತ್ತಿ ಬಂದಳು. ಕೆಳಗಿನ ಚೌಕದಲ್ಲಿ ವಾಹನ ಸಂಚಾರ ನೋಡಿಕೊಳ್ಳುವ ಡ್ಯೂಟಿಯವಳು. ನಮ್ಮ ಸಾಮಾನಿನ ಗಾಡಿ ಅಡ್ಡ ನಿಂತಿರಬೇಕು ಎಂದುಕೊಂಡು ನಾನು ಎದ್ದೆ. ಅವಳು ಸುತ್ತ ನೋಡಿ, ದೂರಿನ ಮೇಜಿನವಳ ಹತ್ತಿರ ಬಗ್ಗಿ, ಅವಳದೇ ಥರದ ಬಟ್ಟೆಯ ಚೀಲವೊಂದನ್ನು ತೋರಿಸಿ ಏನೋ ಕೇಳಿದಳು. ನಮ್ಮವಳು ನನ್ನ ಕಡೆ ನೋಡಿ ನಕ್ಕು, ಎದ್ದು ಅವಳನ್ನು ಸ್ಟೋರಿನ ಹಿಂದಕ್ಕೆ ಕರೆದೊಯ್ದಳು. ಸ್ಟೋರಿನ ಹಿರಿಯರು ಪೈಪಿನ ಸುರುಳಿ ಸರಿಸಿ ದಾರಿ ಬಿಟ್ಟರು.

ಖೋಲಿಗೆ ಹೋಗುವ ಮೊದಲು ಆ ಪೊಲೀಸ್ ಹೆಣ್ಣುಮಗಳು ಟೋಪಿ ಮತ್ತು ಲಾಠಿಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ಅವಳು ಬರುವ ತನಕ ನನ್ನೆದುರು ಬಂದ ರೈತರೆಲ್ಲ ಅವೆರಡನ್ನೂ ನೋಡಿ, ದನಿ ತಗ್ಗಿಸಿ, ಸಾಲಾಗಿ ನಿಂತು ತಮ್ಮ ಪಂಪಿನ ಕಥೆ ಹೇಳಿದರು.